ಕಿರ್ದಿಯಿಂದ ಖಾತೆಗೆ

ಮಧ್ಯಾಹ್ನ ಒಂದು ದಾಟಿದ ಮೇಲೆ ಪಣಜಿಯ ಜೂನ್ 18 ರಸ್ತೆಗೆ ಹೋದರೆ ಎಷ್ಟೋ ಅಂಗಡಿಗಳ ಷಟರ್ ಇಳಿದಿರುತ್ತದೆ. ಹುಬ್ಬಳ್ಳಿ ಬಸ್ಸಿನಿಂದ ಇಳಿದವರು ‘ಎಂಥಾ ಆಲಸಿ ಮಂದಿ ಇವರು’ ಎಂದು ಗೊಣಗುವುದುಂಟು. ಊಟ, ಆಮೇಲೊಂದು ಜೊಂಪು ಗೋವಾದ ಹಳೆಯ ರೂಢಿ. ತಾವು ಮುಖ್ಯಮಂತ್ರಿಯಾದರೆ 2ರಿಂದ 4 ಗಂಟೆಯವರೆಗೆ ನಿದ್ದೆಗೆ ಬಿಡುವು ಕೊಡುವುದಾಗಿ ಗೋವಾ ಫಾರ್ವರ್ಡ್ ಪಕ್ಷದ ವಿಜಯ್ ಸರ್ದೇಸಾಯಿ 2021ರಲ್ಲಿ ಹೇಳಿದಾಗ ಹೊರಗಿನವರು ನಕ್ಕರು. ಮಿದುಳನ್ನು ಕೇಳಿದ್ದರೆ ಅದು ನಗುತ್ತಿರಲಿಲ್ಲ.

ಅಂಗಡಿಯ ಲೆಕ್ಕವನ್ನೇ ನೋಡಿ. ಗಿರಾಕಿಗಳ ಗದ್ದಲದಲ್ಲಿ ಕಿರ್ದಿಗೆ, ಅಂದರೆ ದಿನವಹಿ ಪುಸ್ತಕಕ್ಕೆ, ಬರೆದುಕೊಂಡದ್ದನ್ನು ಬಿಡುವಾದಾಗ ಖಾತೆಗೆ ಏರಿಸಬೇಕು. ನೆನಪಿನದೂ ಇಂಥ ಎರಡು ಪುಸ್ತಕಗಳ ವ್ಯವಹಾರ.

ಅಲ್ಪಾವಧಿ ನೆನಪೆಂಬ ಕಿರ್ದಿಯ ಹಾಳೆ ತೀರ ಚಿಕ್ಕದು. ಅದರಲ್ಲಿ ಹಿಡಿಸುವುದು ಏಳರ ಆಸುಪಾಸು ಸಂಗತಿಗಳು ಎಂದರು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್, 1956ರಲ್ಲಿ. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕಕ್ಕೆ ಇಳಿಸಿದರು. ಆ ಹಾಳೆಯ ಮೇಲೆ ಬೇರೆ ಕೆಲಸ ಬಿದ್ದರೆ ಬರೆದದ್ದೂ ಅಳಿಸುತ್ತದೆ. 1959ರಲ್ಲಿ ಅಮೆರಿಕದ ಪೀಟರ್ಸನ್ ದಂಪತಿ ವಿದ್ಯಾರ್ಥಿಗಳಿಗೆ ಬರೀ ಮೂರು ಅಕ್ಷರ ಹೇಳಿ, ಒಡನೆಯೇ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತ ಹಿಂದಕ್ಕೆ ಎಣಿಸಲು ಹಚ್ಚಿದರು. 18 ಸೆಕೆಂಡಿನಲ್ಲಿ ಅಕ್ಷರಗಳು ಬಹುಪಾಲು ಮಾಯ. ಎಂಟು ಜನರ ಸವಾಲನ್ನು ಒಟ್ಟಿಗೆ ನಿಭಾಯಿಸುವ ನಮ್ಮ ಅಷ್ಟಾವಧಾನದಲ್ಲಿ ಅಪ್ರಸ್ತುತಪ್ರಸಂಗಿ ಬೇಕೆಂದೇ ಅಡ್ಡ ಮಾತು ತೆಗೆಯುವುದೂ ಈ ಹಾಳೆಯನ್ನು ಕದಡಲಿಕ್ಕೇ. ಅವಧಾನಿ ಪಾರಾಗುವುದು ಛಂದಸ್ಸಿನ ಬಲದಿಂದ: ಬಿಡಿ ಅಕ್ಷರಗಳನ್ನು ಪಾದವಾಗಿ ಕಟ್ಟಿಟ್ಟರೆ ಎತ್ತಬೇಕಾದ ಗಂಟುಗಳೇ ಕಡಿಮೆ.

ಹಾಗೆ ಉಳಿಸಿಕೊಂಡದ್ದೂ ದೀರ್ಘಾವಧಿ ನೆನಪೆಂಬ ಖಾತೆಗೆ ಏರಬೇಕಲ್ಲ? ಅದಕ್ಕೆ ಬೇಕಾದದ್ದು ಸಮಯ. 1900ರಲ್ಲಿ ಜರ್ಮನಿಯ ಮ್ಯೂಲರ್ ಮತ್ತು ಪಿಲ್ಟ್ಸೆಕರ್ ಇದನ್ನು ಗುರುತಿಸಿದರು. ಒಂದು ಪಟ್ಟಿ ಕಲಿತ ಬೆನ್ನಿಗೇ ಇನ್ನೊಂದನ್ನು ಕಲಿತರೆ ಮೊದಲನೆಯದು ಸೊರಗುತ್ತದೆ. ನಡುವೆ ಬಿಡುವಿದ್ದರೆ ಉಳಿಯುತ್ತದೆ. 2012ರಲ್ಲಿ ಎಡಿನ್‌ಬರೊದ ಮೈಕೆಲಾ ಡ್ಯೂವರ್ ತಂಡ ವಯಸ್ಸಾದವರಿಗೆ ಎರಡು ಪುಟ್ಟ ಕಥೆ ಕೇಳಿಸಿತು. ಒಂದು ಕಥೆಯ ನಂತರ ಹತ್ತು ನಿಮಿಷ ಮಂದ ಬೆಳಕಿನಲ್ಲಿ ಸುಮ್ಮನೆ ಕೂರುವುದು, ಇನ್ನೊಂದರ ನಂತರ ಚಿತ್ರಗಳಲ್ಲಿ ವ್ಯತ್ಯಾಸ ಹುಡುಕುವ ಆಟ. ವಾರದ ಬಳಿಕ ಕೇಳಿದರೆ, ಸುಮ್ಮನೆ ಕೂತ ಮೇಲಿನ ಕಥೆಯೇ ಹೆಚ್ಚು ನೆನಪಿತ್ತು.

ಆ ಹೊತ್ತಿನಲ್ಲಿ ಒಳಗೆ ನಡೆಯುವುದೇನು? ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದ ನರಕೋಶಗಳು ದಾರಿ ಹುಡುಕುವಾಗ ಮಿಡಿದ ಕ್ರಮದಲ್ಲೇ ನಿದ್ದೆಯಲ್ಲೂ, ಎಚ್ಚರದ ಬಿಡುವಿನಲ್ಲೂ ಮತ್ತೆ ಮಿಡಿಯುವುದನ್ನು ಇಲಿಗಳಲ್ಲಿ ಕಂಡಿದ್ದಾರೆ. ಈ ಪುನರಾವರ್ತನೆಯೇ ಹೊರಪದರದಲ್ಲಿ ನೆನಪು ಬೇರೂರಲು ನೆರವಾಗುತ್ತದೆಂಬುದು ವಿಜ್ಞಾನಿಗಳ ಎಣಿಕೆ.

ಅಂದಮೇಲೆ ಮರೆವಿಗೆ ಮದ್ದೂ ಎರಡು ಬಗೆ. ಕೇಳಿದ್ದು ತಲೆಗೇ ಹತ್ತದಿದ್ದರೆ ಹೊರೆ ಇಳಿಸಿ. ಹತ್ತಿದ್ದು ಮರುದಿನ ಇಲ್ಲವಾದರೆ ಕಲಿತ ಮೇಲಿನ ಹತ್ತು ನಿಮಿಷವನ್ನು ಬಿಡುವಾಗಿ ಉಳಿಸಿಕೊಳ್ಳಿ. ನಿದ್ದೆಯೇ ಆಗಬೇಕೆಂದಿಲ್ಲ. ಆದರೆ ಆ ಹೊತ್ತಿನಲ್ಲಿ ಮೊಬೈಲ್ ಹಿಡಿದು ಕೂತರೆ ಅರ್ಧ ಷಟರ್ ಎಳೆದಂತೆ: ಗಿರಾಕಿಗಳು ಬಗ್ಗಿಕೊಂಡು ಒಳಗೆ ಬರುತ್ತಲೇ ಇರುತ್ತಾರೆ.