ತಾಮ್ರಫಲಕದ ಮೇಲಿನ ಇರುಳು

ಇಂಗ್ಲೆಂಡಿನ ಚಿತ್ರಕಾರ ಸ್ಯಾಮ್ಯುಯೆಲ್ ಪಾಮರನು 1879ರಲ್ಲಿ, ಎಪ್ಪತ್ತು ದಾಟಿದ ವೃದ್ಧಾಪ್ಯದಲ್ಲಿ, ತಾಮ್ರದ ತಗಡಿನ ಮೇಲೆ ಕೊರೆದು ಮುಗಿಸಿದ ‘ದಿ ಲೋನ್ಲಿ ಟವರ್’ ಎಂಬ ಎಚಿಂಗ್ ಚಿತ್ರವು ಪುಸ್ತಕವೊಂದರ ಪುಟದಷ್ಟೇ ದೊಡ್ಡದು. ಬೆಟ್ಟದ ನೆತ್ತಿಯಲ್ಲಿ ದೀಪ ಬೆಳಗುತ್ತಿರುವ ಪಾಳು ಗೋಪುರ, ದಿಗಂತಕ್ಕೆ ಇಳಿದ ಚಂದ್ರರೇಖೆ, ಆಕಾಶದಲ್ಲಿ ಸಪ್ತರ್ಷಿಮಂಡಲ. ಕೆಳಗೆ ಆ ದೀಪವನ್ನೇ ನೋಡುತ್ತಿರುವ ಇಬ್ಬರು ಕುರಿಗಾಹಿಗಳು, ದಾರಿಯಲ್ಲಿ ಎತ್ತಿನ ಬಂಡಿ. ಇಷ್ಟನ್ನೂ ಹೊತ್ತ ಈ ಹಾಳೆಯ ಬೇರುಗಳು ಐವತ್ತು ವರ್ಷಗಳಿಗೂ ಹಿಂದಕ್ಕೆ ಹೋಗುತ್ತವೆ.

1805ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಹದಿನಾಲ್ಕರ ಹರೆಯಕ್ಕೇ ರಾಯಲ್ ಅಕಾಡೆಮಿಯಲ್ಲಿ ಚಿತ್ರಗಳನ್ನು ಪ್ರದರ್ಶಿಸಿದ್ದ ಪಾಮರನನ್ನು, 1824ರಲ್ಲಿ ಕಲಾವಿದ ಜಾನ್ ಲಿನೆಲ್ಲನು ಕವಿಯೂ ಚಿತ್ರಕಾರನೂ ಆದ ವಿಲಿಯಂ ಬ್ಲೇಕನ ಬಳಿಗೆ ಕರೆದೊಯ್ದನು. ವರ್ಜಿಲ್ಲನ ಗೋಪಗೀತೆಗಳಿಗಾಗಿ ಬ್ಲೇಕನು ಮರದಲ್ಲಿ ಕೆತ್ತಿದ್ದ ಪುಟ್ಟ ಚಿತ್ರಗಳು ತರುಣನ ಕಣ್ಣನ್ನು ಶಾಶ್ವತವಾಗಿ ತೆರೆದವು. ಬಳಿಕ ಕೆಂಟ್ ಪ್ರಾಂತದ ಶೋರ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ನೆಲಸಿ, ‘ಪ್ರಾಚೀನರು’ ಎಂದು ತಮ್ಮನ್ನು ಕರೆದುಕೊಂಡ ಗೆಳೆಯರೊಡನೆ ಆತನು ಕಂಡು ಬರೆದ ತೆನೆಹೊಲ, ಬೆಳದಿಂಗಳು, ಹೂತ ಮರಗಳು ಆಂಗ್ಲ ಕಲೆಯ ಅಪೂರ್ವ ನಿಧಿಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಕಾಲಕ್ಕೆ ಅವುಗಳಿಗೆ ಗಿರಾಕಿಗಳಿರಲಿಲ್ಲ.

1837ರಲ್ಲಿ ಲಿನೆಲ್ಲನ ಮಗಳು ಹ್ಯಾನಾಳನ್ನು ವರಿಸಿ, ಎರಡು ವರ್ಷ ಇಟಲಿಯಲ್ಲಿದ್ದು ಮರಳಿದ ಮೇಲೆ, ಸಂಸಾರನಿರ್ವಹಣೆಗಾಗಿ ಪಾಠ ಹೇಳುವುದು, ಕಾಲದ ರುಚಿಗೊಪ್ಪುವ ಜಲವರ್ಣಗಳನ್ನು ಬರೆಯುವುದು ಇವುಗಳಲ್ಲಿಯೇ ದಶಕಗಳು ಸಂದವು. 1861ರಲ್ಲಿ ಲೀತ್ ಹಿಲ್ ಬೆಟ್ಟದ ಮಗ್ಗುಲಲ್ಲಿ ಹತ್ತೊಂಬತ್ತರ ಹಿರಿಯ ಮಗ ತೀರಿಕೊಂಡಾಗ ತಂದೆಯ ಎದೆಯೊಡೆಯಿತು. ಆ ಬಳಿಕ ಆತನು ರೆಡ್‌ಹಿಲ್ಲಿಗೆ ಹೋಗಿ ನೆಲಸಿದನು. ಚಿತ್ರದ ಗೋಪುರವು ಆ ಲೀತ್ ಹಿಲ್ಲಿನ ಗೋಪುರವೇ ಎಂದು ಹೇಳುವುದುಂಟು. ಚಿತ್ರದ ಮುಂದೆ ನಿಂತಾಗ ನನಗೂ ಆ ಮಾತು ನಿಜವೆನ್ನಿಸುತ್ತದೆ.

ಕಲಾವಿಮರ್ಶಕ ರಸ್ಕಿನ್ನನ ವಕೀಲನಾಗಿದ್ದ ಲೆನರ್ಡ್ ವಾಲ್ಪಿಯು ಮನಸ್ಸಿಗೊಪ್ಪುವ ಯಾವುದಾದರೊಂದು ಚಿತ್ರವನ್ನು ಮಾಡಿಕೊಡಿರೆಂದು ಕೇಳಿದುದು ಪಾಮರನಿಗೆ ವರವಾಯಿತು. ಬಾಲ್ಯದಿಂದ ಆರಾಧಿಸಿದ ಮಿಲ್ಟನ್ನನ ಎರಡು ಕವಿತೆಗಳನ್ನಾಧರಿಸಿ ಜಲವರ್ಣಮಾಲಿಕೆಯೊಂದನ್ನು ಕೈಗೊಂಡು, ಅದರ ಗೋಪುರದೃಶ್ಯವನ್ನು ಮುಂದೆ ಎಚಿಂಗಿಗೆ ಅಳವಡಿಸಿದನು.

ಆ ವಿದ್ಯೆಯೇ ಆತನ ಪ್ರಕೃತಿಗೆ ಹೇಳಿಮಾಡಿಸಿದಂತಿತ್ತು. ತಾಮ್ರಕ್ಕೆ ಮೇಣದ ತೆಳುಲೇಪ ಕೊಟ್ಟು, ಮೇಣದಬತ್ತಿಯ ಹೊಗೆಯಿಂದ ಅದನ್ನು ಕಪ್ಪಾಗಿಸಿ, ಸೂಜಿಯಿಂದ ಗೀಚಿದರೆ ಗೆರೆಗೆರೆಯಲ್ಲಿಯೂ ಲೋಹ ಮಿನುಗುತ್ತದೆ. ಆಮ್ಲದಲ್ಲಿ ಅದ್ದಿದಾಗ ಆ ಗೆರೆಗಳು ಕೊರೆದು ಆಳವಾಗಿ, ಮಸಿ ತುಂಬಿ ಕಾಗದಕ್ಕೊತ್ತಿದರೆ ಹೊಳೆದದ್ದೆಲ್ಲ ಕಪ್ಪಾಗಿ ಮೂಡುತ್ತದೆ. ತಿಳಿಯಾಗಿ ಉಳಿಯಬೇಕಾದ ಗೆರೆಗಳನ್ನು ವಾರ್ನಿಷಿನಿಂದ ಮುಚ್ಚಿ, ಮಿಕ್ಕವನ್ನು ಮತ್ತೆ ಮತ್ತೆ ಆಮ್ಲಕ್ಕೊಡ್ಡುವ ತಾಳ್ಮೆ ಪಾಮರನದು. ಗೆರೆಗಳು ಎಷ್ಟೇ ದಟ್ಟವಾಗಿ ಹೆಣೆದುಕೊಂಡರೂ ಅವುಗಳ ನಡುವೆ ಬಿಳಿಯ ಕಾಗದ ಸೂಜಿಮೊನೆಯಷ್ಟಾದರೂ ಇಣುಕಬೇಕೆಂಬುದು ಆತನ ಹಟ. ಆದುದರಿಂದಲೇ ಈ ಇರುಳು ಒಳಗಿನಿಂದ ಬೆಳಗುತ್ತದೆ. ಇಷ್ಟು ಶ್ರಮದ ಫಲವಾಗಿ ಜೀವಮಾನದಲ್ಲಿ ಪೂರ್ಣಗೊಂಡ ಫಲಕಗಳು 13 ಮಾತ್ರ.

1881ರಲ್ಲಿ ಪಾಮರನು ತೀರಿಕೊಂಡನು. 1909ರಲ್ಲಿ ಕಿರಿಯ ಮಗ ಆಲ್ಫ್ರೆಡ್, ತಂದೆಯ ಸ್ಕೆಚ್ ಪುಸ್ತಕಗಳನ್ನೂ ಅನೇಕ ಚಿತ್ರಗಳನ್ನೂ ಬೆಂಕಿಗೆ ಹಾಕಿದನೆಂಬುದನ್ನು ಓದುವಾಗ ಇಂದಿಗೂ ಹೊಟ್ಟೆಯುರಿಯುತ್ತದೆ. ಅದೇ ಆಲ್ಫ್ರೆಡ್ಡನ ನೆರವಿನಿಂದ 1926ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ನಡೆದು, ಗ್ರಹಾಂ ಸದರ್‌ಲ್ಯಾಂಡನಂತಹ ತರುಣ ಕಲಾವಿದರು ಪಾಮರನನ್ನು ಗುರುವಾಗಿ ಸ್ವೀಕರಿಸಿ ಎಚಿಂಗ್ ಸೂಜಿಯನ್ನು ಕೈಗೆತ್ತಿಕೊಂಡಿದ್ದ ಹಾದಿ ಇನ್ನಷ್ಟು ವಿಶಾಲವಾಯಿತು.