ಕಾಡಾನೆಗಳ ಕೇಳದ ಮಾತು

ಕೃಷ್ಣರಾಜಪೇಟೆ ತಾಲ್ಲೂಕು ಶೀಳನೆರೆ ಹೋಬಳಿಯ ಎಷ್ಟೋ ರೈತರು ಆನೆಯನ್ನು ನೋಡಿರುವುದು ಮೈಸೂರು ದಸರೆಯಲ್ಲಿ. ಆದರೆ ಇದೇ ಮಂಡ್ಯ ಜಿಲ್ಲೆಯ ಮಳವಳ್ಳಿ, ಮದ್ದೂರು ಕಡೆ ಮುತ್ತತ್ತಿ ಕಾಡಿನ ಆನೆಗಳು ಕಬ್ಬು, ಭತ್ತದ ಗದ್ದೆಗಳಿಗೆ ಇಳಿಯುವುದುಂಟು. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರಗಳಲ್ಲಂತೂ ಈ ತೊಂದರೆ ಬಲವಾಗಿದೆ. ಸದ್ದಿಲ್ಲದಿದ್ದರೆ ಗದ್ದೆಯಲ್ಲಿ ಆನೆಯಿಲ್ಲ, ಇದ್ದರೂ ಒಂಟಿ ಆನೆ ಎಂದು ಕಾವಲಿನವರು ಭಾವಿಸುವುದು ಅಪಾಯಕರ.

ಆನೆ ಘೀಳಿಡುವುದು ನಮಗೆ ಗೊತ್ತು. ಅದು ಹೆಚ್ಚಾಗಿ ಗಾಬರಿಯ ಅಥವಾ ಉದ್ರೇಕದ ಕೂಗು. ಹಿಂಡಿನ ನಿತ್ಯದ ಮಾತುಕತೆ ನಡೆಯುವುದು ಗುಡುಗುಟ್ಟುವ ತಗ್ಗುದನಿಯಲ್ಲಿ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಕೇಟಿ ಪೇನ್ ಎಂಬ ವಿಜ್ಞಾನಿ ನಮ್ಮ ಆನೆಯ ಜಾತಿಯವೇ ಆದ ಏಷ್ಯಾದ ಆನೆಗಳ ಬಳಿ ನಿಂತಿದ್ದಾಗ ಗಾಳಿಯಲ್ಲಿ ಏನೋ ಮಿಡಿದಂತೆ ಅವರಿಗೆ ಅನಿಸಿತು. ಧ್ವನಿಮುದ್ರಿಸಿ ವೇಗವಾಗಿ ನುಡಿಸಿದಾಗ ಆ ದನಿ ಕೇಳಿಸಿತು! ಸೆಕೆಂಡಿಗೆ 20ಕ್ಕಿಂತ ಕಡಿಮೆ ಕಂಪನಗಳಿರುವ ದನಿ ಮನುಷ್ಯನ ಕಿವಿಗೆ ಸಾಮಾನ್ಯವಾಗಿ ನಿಲುಕುವುದಿಲ್ಲ. ಆನೆಗಳ ತಗ್ಗುದನಿಯ ಬಹುಭಾಗ ಅಲ್ಲಿಯೇ ಇರುತ್ತದೆ.

ಮುಂದೆ ಆಫ್ರಿಕದ ನಮೀಬಿಯದಲ್ಲಿ ಇಂಥ ಕರೆಗಳನ್ನು ಧ್ವನಿವರ್ಧಕದಿಂದ ಬಿತ್ತರಿಸಿದಾಗ 2 ಕಿ.ಮೀ. ದೂರದ ಆನೆಗಳೂ ಓಗೊಟ್ಟವು. ಇಳಿಸಂಜೆಯಲ್ಲಿ ನೆಲದ ಬಳಿಯ ಗಾಳಿ ತಣ್ಣಗಾದಾಗ ದನಿ ಇನ್ನೂ ದೂರ ಹೋಗುತ್ತದೆ. ಪಕ್ಕದೂರಿನ ಹಬ್ಬದ ತಮಟೆ ಹಗಲಿಗಿಂತ ರಾತ್ರಿ ಚೆನ್ನಾಗಿ ಕೇಳುವುದಿಲ್ಲವೇ? ಇದೂ ಹಾಗೆಯೇ. ಕೀನ್ಯದ ಆನೆಗಳು ಒಂದೊಂದನ್ನೂ ಹೆಸರಿನಂಥ ಬೇರೆ ಬೇರೆ ದನಿಯಿಂದ ಕರೆಯುತ್ತವೆ ಎಂಬ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ನಮ್ಮ ಹಟ್ಟಿಯ ದನಗಳಿಗೆ ನಾವು ಹೆಸರಿಡುತ್ತೇವೆ. ಆನೆಗಳು ತಾವೇ ಇಟ್ಟುಕೊಳ್ಳುತ್ತವೆಯೆನ್ನಬಹುದು.

ಆದ್ದರಿಂದ ಪಟಾಕಿಗೆ ಬೆದರಿ ಒಂದೆರಡು ಆನೆ ಓಡಿದ ಮಾತ್ರಕ್ಕೆ ಕಬ್ಬಿನೊಳಗೆ ಇಳಿಯಕೂಡದು. ಚದುರಿದ ಹಿಂಡು ನಮಗೆ ಕೇಳದಂತೆ ಕರೆದು ಮತ್ತೆ ಕೂಡಿಕೊಳ್ಳುತ್ತದೆ. ಉಳಿದವು ಅಲ್ಲೇ ಇರಬಹುದು. ಮರಿ ಕೂಗಿದರೆ ತಾಯಿಯಷ್ಟೇ ಅಲ್ಲ, ಹಿಂಡಿನ ಇತರ ಹೆಣ್ಣಾನೆಗಳೂ ಧಾವಿಸುತ್ತವೆ. ಮೇಯುತ್ತಿದ್ದ ಹಿಂಡು ಒಮ್ಮೆಗೇ ಸ್ತಬ್ಧವಾಗಿ ಕಿವಿಯಗಲಿಸಿದರೆ, ಅದು ಆಲಿಸುತ್ತಿದೆಯೆಂದು ತಿಳಿದು ಹಿಂದೆ ಸರಿಯುವುದು ಲೇಸು.

ಜೇನಿನ ವಿಚಾರವೂ ಇಲ್ಲಿ ಬರುತ್ತದೆ. ಕೀನ್ಯದಲ್ಲಿ ಜೇನಿನ ಝೇಂಕಾರ ಕೇಳಿಸಿದಾಗ ಆನೆಗಳು ಕಾಲ್ತೆಗೆದು, ವಿಶಿಷ್ಟವಾದ ಗುಡುಗುದನಿ ಹೊರಡಿಸಿದವು. ಆ ದನಿಯನ್ನಷ್ಟೇ ಕೇಳಿಸಿದರೂ ಬೇರೆ ಆನೆಗಳು ದೂರ ಸರಿದವು. ಈ ಹೆದರಿಕೆಯನ್ನೇ ನೆಚ್ಚಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2021ರ ಮಾರ್ಚ್‌ನಲ್ಲಿ ಕೊಡಗಿನ ನಾಗರಹೊಳೆ ಅಂಚಿನಲ್ಲಿ ಜೇನುಪೆಟ್ಟಿಗೆಯ ಬೇಲಿಯನ್ನು ಪ್ರಯೋಗಕ್ಕೆ ತಂದಿತು. ಆದರೆ ನಮ್ಮ ತುಡುವೆ ಜೇನು ಆಫ್ರಿಕದ ಜೇನಿನಷ್ಟು ಉಗ್ರವಲ್ಲ, ರಾತ್ರಿ ಗೂಡು ಬಿಟ್ಟು ಹಾರಾಡುವುದೂ ಇಲ್ಲ; ಆನೆ ಬರುವುದು ಹೆಚ್ಚಾಗಿ ರಾತ್ರಿಯೇ. ಪೆಟ್ಟಿಗೆಗಳನ್ನು ಒಂದೇ ತಂತಿಗೆ ತೂಗುಹಾಕಿದರೆ ಆನೆ ತಗುಲಿದ ಕೂಡಲೆ ಗೂಡು ಅಲುಗಿ ಹುಳು ಎಚ್ಚರಗೊಳ್ಳುತ್ತವೆ. ನೆಲದ ಮೇಲೆ ಬಿಡಿಬಿಡಿಯಾಗಿ ಇಟ್ಟರೆ ಆ ಅನುಕೂಲವಿಲ್ಲ.