ಗದಗಿನ ಹುಡುಗ, ಢಾಕಾದ ಗುರು

“ಅಜ್ಜಾ, ತಿಳವಳ್ಳ್ಯಾಗ ಇದ್ಕೊಂಡು ದೊಡ್ಡ ಆಟಗಾರ ಆಗೋದು ಹೆಂಗ?” ಎಂದು ಮೊಮ್ಮಗ ಕೇಳಿದ. ನೆರೆಜಿಲ್ಲೆ ಗದಗಿನ ಸುನಿಲ್ ಜೋಶಿಯವರ ಕಥೆ ಹೇಳಿದೆ.

ಮಕ್ಕಳೇ, ಅವರು ಬಾಲಕರಾಗಿದ್ದಾಗ ನಸುಕಿನಲ್ಲೇ ಎದ್ದು, ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಮರಳಿ ಗದಗಿನ ಶಾಲೆಗೆ ಹಾಜರಾಗುತ್ತಿದ್ದರು. 1996ರಲ್ಲಿ ಭಾರತ ತಂಡ ಸೇರಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾಕ್ಕೆ 10 ಓವರುಗಳಲ್ಲಿ ಬರೇ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. 2000ದಲ್ಲಿ ಢಾಕಾದಲ್ಲಿ ನಡೆದ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟಿನಲ್ಲಿ 92 ರನ್, 8 ವಿಕೆಟ್ ಗಳಿಸಿ ಪಂದ್ಯಪುರುಷರಾದರು. 2017ರಲ್ಲಿ ಅದೇ ಬಾಂಗ್ಲಾದೇಶ ತನ್ನ ಹುಡುಗರಿಗೆ ಸ್ಪಿನ್ ಕಲಿಸಲು ಅವರನ್ನೇ ಕರೆಯಿತು!

ಬ್ಯಾಂಕಿನಲ್ಲಿ ಇಟ್ಟ ಹಣ ಬೆಳೆಯುತ್ತದೆ. ವಿದ್ಯೆ ಮಾತ್ರ ಹಂಚಿದರೇ ಬೆಳೆಯುತ್ತದೆ.

“ನಾಳೆ ಐದಕ್ಕ ಎಬ್ಬಸು ಅಜ್ಜಾ” ಅಂದ ಮೊಮ್ಮಗ. ಎದ್ದಾನೋ ಇಲ್ಲವೋ, ನೋಡೋಣ!